ಡೈರಿ ಚೀಟಿಯಲ್ಲಿ ಇಲ್ಲದ ಕಬ್ಬಿಣ

"ಡಾಕ್ಟ್ರೇ, ಈ ಡಬ್ಬಿ ಹಾಲು ಯಾವಾಗ ಬಿಡಿಸೋದು?"

ಕೋಲಾರದ ನನ್ನ ಕ್ಲಿನಿಕ್ಕಿನಲ್ಲಿ ಇದನ್ನು ಅಮ್ಮಂದಿರಿಗಿಂತ ಅಜ್ಜಿಯರೇ ಜಾಸ್ತಿ ಕೇಳುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಮನೆಯ ಕೊಟ್ಟಿಗೆಯಲ್ಲಿ ಎರಡು ಎಚ್‌ಎಫ್ ತಳಿಯ ಹಸು. ಬೆಳಿಗ್ಗೆ, ಸಂಜೆ ಕ್ಯಾನು ತುಂಬಾ ಹಾಲು ಡೈರಿಗೆ ಹೋಗುತ್ತದೆ. ಮೊಮ್ಮಗು ಮಾತ್ರ ಮೆಡಿಕಲ್ ಸ್ಟೋರಿನ ಪುಡಿ ಕುಡಿಯುತ್ತದೆ. ನಾಲ್ಕೈದು ದಿನಕ್ಕೆ ಒಂದು ಡಬ್ಬಿ ಖಾಲಿ. ಹೊಟ್ಟೆ ಉರಿಯದೆ ಇರುತ್ತದೆಯೇ?

ವರ್ಷ ತುಂಬಲಿ, ಆಮೇಲೆ ಕೊಡಿ ಅನ್ನುತ್ತೇನೆ. ಆರು ತಿಂಗಳು ಕಳೆದ ಮೇಲೆ ರಾಗಿ ಸರಿಗೆ ಸ್ವಲ್ಪ ಹಾಲು ಹಾಕುವುದಕ್ಕೆ, ಒಂದೆರಡು ಚಮಚ ಮೊಸರನ್ನ ತಿನ್ನಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹೊತ್ತು ಹೊತ್ತಿಗೆ ಹಸುವಿನ ಹಾಲನ್ನೇ ಕುಡಿಸುವುದು ವರ್ಷದ ನಂತರ. ಅಂದಹಾಗೆ, ಎದೆಹಾಲು ಇನ್ನೂ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಬೇಕಿಲ್ಲ. ಎರಡು ವರ್ಷದವರೆಗೂ, ಅದರಾಚೆಗೂ ಕುಡಿಸಬಹುದು. ಈ ಅಂಕಣ ಡಬ್ಬಿ ಹಾಲಿನ ಮಕ್ಕಳ ಬಗ್ಗೆ.

ವರ್ಷ ಯಾಕೆ ಕಾಯಬೇಕು ಅನ್ನುವುದನ್ನು ಹಸು ಸಾಕಿದವರಿಗೆ ಹೇಳುವುದು ಸುಲಭ. ಕರು ಹುಟ್ಟಿದಾಗಿನ ತೂಕದ ಎರಡರಷ್ಟಾಗಲು ಸುಮಾರು ಎರಡು ತಿಂಗಳು ಸಾಕು. ನಮ್ಮ ಮಗುವಿಗೆ ಐದು ತಿಂಗಳು ಬೇಕು. ಕರುವಿನ ಆ ಓಟಕ್ಕೆ ತಕ್ಕಂತೆ ಹಸುವಿನ ಹಾಲಿನಲ್ಲಿ ಪ್ರೋಟೀನು ತಾಯಿಹಾಲಿನ ಸುಮಾರು ಮೂರರಷ್ಟು. ಉಪ್ಪಿನ ಅಂಶವೂ ಜಾಸ್ತಿ. ಎಳೆಯ ಕಿಡ್ನಿಗೆ ಅದು ಹೊರೆ. ಕೆಲವು ಎಳೆ ಮಕ್ಕಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವೂ ಒಸರುತ್ತದೆ.

ಇನ್ನೊಂದು ವಿಷಯ ಕಬ್ಬಿಣದ್ದು. ಡೈರಿಯಲ್ಲಿ ಕೊಡುವ ಚೀಟಿ ನೋಡಿ. ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಇಷ್ಟು ಅಂತ ಇರುತ್ತದೆ. 3.5, 8.5 ಬಂದರೆ ಮನೆಯವರಿಗೆ ಸಮಾಧಾನ. ಕಬ್ಬಿಣಕ್ಕೆ ಆ ಚೀಟಿಯಲ್ಲಿ ಕಾಲಮ್ಮೇ ಇಲ್ಲ. ಇದ್ದಿದ್ದರೆ ಎಲ್ಲರ ಹಾಲೂ ಫೇಲಾಗುತ್ತಿತ್ತು. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸಿಗುವ ಕಬ್ಬಿಣ ಹೆಚ್ಚೂಕಡಿಮೆ ಅರ್ಧ ಮಿಲಿಗ್ರಾಂ. ವರ್ಷ ತುಂಬಿದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಬೇಕು. ಸಾಲದ್ದಕ್ಕೆ ಹಾಲಿನ ಕ್ಯಾಲ್ಸಿಯಂ, ಊಟದಲ್ಲಿ ಬಂದ ಕಬ್ಬಿಣವನ್ನೂ ಸರಿಯಾಗಿ ಹೀರಲು ಬಿಡುವುದಿಲ್ಲ. ಡಬ್ಬಿಯ ಪುಡಿಗೆ ಕಬ್ಬಿಣ ಸೇರಿಸಿರುತ್ತಾರೆ. ಆ ಪುಡಿಯೂ ಬಹುಪಾಲು ಹಸುವಿನ ಹಾಲಿನಿಂದಲೇ ಮಾಡಿದ್ದು ಅಂದರೆ ಅಜ್ಜಿಯರು ನಂಬುವುದಿಲ್ಲ. "ನಮ್ಮ ಹಾಲನ್ನೇ ಡಬ್ಬಿಗೆ ಹಾಕಿ ನಮಗೇ ಮಾರ್ತಾರಾ?" ಅಂತ ಒಬ್ಬರು ಕೇಳಿದ್ದರು.

ಇದರಲ್ಲಿ ಒಂದು ಅನುಕೂಲವಿದೆ. ಸಾಮಾನ್ಯ ಡಬ್ಬಿ ಹಾಲು ಒಗ್ಗಿದ ಮಗುವಿಗೆ ಹಸುವಿನ ಹಾಲು ಒಗ್ಗದೇ ಹೋಗುವುದು ಅಪರೂಪ. ಅಲರ್ಜಿ ಇದೆಯೆಂದು ಬೇರೆಯದೇ ವಿಶೇಷ ಪುಡಿ ಬರೆದುಕೊಟ್ಟಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಬದಲಿಸಬೇಡಿ.

ಬದಲಿಸುವುದು ದೊಡ್ಡ ಕೆಲಸವೇನಲ್ಲ. ಒಂದು ಹೊತ್ತಿನ ಪುಡಿ ಹಾಲಿನ ಜಾಗಕ್ಕೆ ಹಸುವಿನ ಹಾಲು ಕೊಡಿ. ಮೂರ್ನಾಲ್ಕು ದಿನ ಬಿಟ್ಟು ಇನ್ನೊಂದು ಹೊತ್ತು. ರುಚಿ ಬೇರೆಯಾಯಿತೆಂದು ಮುಖ ತಿರುಗಿಸಿದರೆ, ನೀರಿನಲ್ಲಿ ಸರಿಯಾಗಿ ಕಲಸಿದ ಪುಡಿ ಹಾಲಿಗೆ ಕಾಲು ಭಾಗ ಹಸುವಿನ ಹಾಲು ಬೆರೆಸಿ, ದಿನ ಕಳೆದಂತೆ ಜಾಸ್ತಿ ಮಾಡುತ್ತಾ ಹೋಗಿ. ಪುಡಿಯನ್ನೇ ಹಾಲಿನಲ್ಲಿ ಕಲಸಬೇಡಿ. ಪುಷ್ಟಿ ಅಂತ ಹಾಗೆ ಮಾಡುವವರಿದ್ದಾರೆ. ಮಗುವಿಗೆ ಅದು ತೀರಾ ಗಟ್ಟಿ. ಒಂದೆರಡು ವಾರ ಮಲ ಗಟ್ಟಿಯಾದರೆ ಗಾಬರಿ ಬೇಡ. ನೀರು, ಹಣ್ಣು ಜಾಸ್ತಿ ಕೊಡಿ. ಮಲದಲ್ಲಿ ರಕ್ತ, ಮೈಮೇಲೆ ದದ್ದು, ಬಿಡದೆ ವಾಂತಿ ಕಂಡರೆ ಹಾಲು ನಿಲ್ಲಿಸಿ ಕರೆದುಕೊಂಡು ಬನ್ನಿ.

ನೀರು ಬೆರೆಸಬೇಕಾ? ಬೇಡ. ನೀರು ಬೆರೆಸಿದ ಹಾಲನ್ನು ಡೈರಿಯವರೇ ವಾಪಸ್ ಕಳಿಸುತ್ತಾರೆ, ಮಗು ಯಾಕೆ ಕುಡಿಯಬೇಕು? ಕೆನೆ ತೆಗೆಯುವುದೂ ಬೇಡ, ಸಕ್ಕರೆಯೂ ಬೇಡ. ಎರಡು ವರ್ಷದವರೆಗೆ ಮಗುವಿಗೆ ಕೊಬ್ಬು ಬೇಕು. ಆದ್ದರಿಂದ ಪ್ಯಾಕೆಟ್ ಹಾಲಿನವರು ಮೇಲೆ ಬರೆದ ಫ್ಯಾಟ್ ನೋಡಿ ಕೊಳ್ಳಿ. ಶೇಕಡಾ 1.5ರ ಡಬಲ್ ಟೋನ್ಡ್ ದೊಡ್ಡವರಿಗಿರಲಿ. ಮಗುವಿಗೆ ಒಂದೇ ಹಸುವಿನ ಹಾಲು ಆಗಬೇಕೆಂಬ ನಂಬಿಕೆ ನಮ್ಮ ಕಡೆ ಇದೆ. ಅದಕ್ಕೆ ಆಧಾರವಿಲ್ಲ.

ಕಾಯಿಸದ ಹಾಲಿನ ವಿಷಯದಲ್ಲಿ ಮಾತ್ರ ನಾನು ಜೋರಾಗಿಯೇ ಮಾತಾಡುತ್ತೇನೆ. ಕರೆದ ಬಿಸಿಯಲ್ಲೇ ನೊರೆಹಾಲು ಕುಡಿಸಿದರೆ ಒಳ್ಳೆಯದು ಅನ್ನುವವರು ಇನ್ನೂ ಇದ್ದಾರೆ. ಹಸುವಿನ ಗರ್ಭ ಇಳಿಸಿ ಕಂದು ಹಾಕಿಸುವ ಬ್ರುಸೆಲ್ಲಾ ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಕ್ಷಯವೂ ಬರಬಹುದು. ಉಕ್ಕಿ ಬರುವವರೆಗೆ ಕಾಯಿಸಿ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಹಾಕಿಸಿದ್ದರೆ, ಪಶುವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲು ಯಾರಿಗೂ ಬೇಡ.

ಯಾವ ಹಾಲು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಅಂತ ಯಾರೂ ಕೇಳುವುದಿಲ್ಲ. ನನ್ನ ಹತ್ತಿರ ಬರುವ ತೊಂದರೆಯೆಲ್ಲ ಹುಟ್ಟುವುದು ಅಲ್ಲೇ.

ಒಂದು ಮಗು ನೆನಪಾಗುತ್ತದೆ. ಹದಿನೈದು ತಿಂಗಳು. ದುಂಡಗೆ, ಕೆನ್ನೆ ತುಂಬಿಕೊಂಡು, ಬಾಟಲಿ ಕಚ್ಚಿಕೊಂಡೇ ಬಂದಿತ್ತು. ಬಂದಿದ್ದು ನೆಗಡಿಗೆ. "ನಮ್ಮ ಮನೇಲಿ ಯಾರೂ ಇಷ್ಟು ಬೆಳ್ಳಗಿಲ್ಲ ಡಾಕ್ಟ್ರೇ" ಅಂತ ಅಜ್ಜಿ ಹೆಮ್ಮೆಯಿಂದ ಹೇಳಿದರು. ರೆಪ್ಪೆ ಕೆಳಗೆ ಮಾಡಿ ನೋಡಿದೆ. ಒಳಗೂ ಬೆಳ್ಳಗೆ. ಅಂಗೈ ಬೆಳ್ಳಗೆ. ಹಿಮೋಗ್ಲೋಬಿನ್ 6.1 ಬಂತು. ಆ ವಯಸ್ಸಿಗೆ 11ರ ಆಸುಪಾಸಾದರೂ ಇರಬೇಕು. ದಿನಕ್ಕೆ ಎಷ್ಟು ಹಾಲು ಕುಡಿಯುತ್ತೆ ಅಂದೆ. ಲೆಕ್ಕ ಹಾಕಿದರೆ ಒಂದೂಕಾಲು ಲೀಟರ್. ಊಟ? "ತಿನ್ನಲ್ಲ, ಎರಡು ತುತ್ತಿಗೇ ಸಾಕು ಅನ್ನುತ್ತೆ." ಹೊಟ್ಟೆಯಲ್ಲಿ ಜಾಗವೆಲ್ಲಿದೆ? ಗೋಡೆಯ ಸುಣ್ಣ ಕೆರೆದು ತಿನ್ನುತ್ತದಂತೆ. ಕಬ್ಬಿಣ ಕಡಿಮೆಯಾದ ಮಕ್ಕಳು ಹಾಗೆ ಮಾಡುತ್ತವೆ.

ಇದು ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಲ್ಲವೂ ಹಾಲಿನಿಂದ ಆದದ್ದಲ್ಲ. ಆದರೆ ಕೊಟ್ಟಿಗೆ ತುಂಬಿದ ಮನೆಯ ಮಗುವಿಗೂ ರಕ್ತ ಕಡಿಮೆ ಅಂದಾಗ ಜನಕ್ಕೆ ಆಶ್ಚರ್ಯ.

ವರ್ಷ ತುಂಬಿದ ಮಗುವಿಗೆ ದಿನಕ್ಕೆ 400ರಿಂದ 500 ಮಿಲಿಲೀಟರ್ ಹಾಲು ಸಾಕು. ಎರಡು ಲೋಟ ಅನ್ನಿ. ಮೊಸರೂ ಆ ಲೆಕ್ಕದಲ್ಲೇ ಬರಲಿ. ಮೊದಲು ಊಟ, ಆಮೇಲೆ ಹಾಲು. ಮುದ್ದೆ ಮೆತ್ತಗೆ ಕಿವುಚಿ ಬಸ್ಸಾರಿನ ಕಟ್ಟಿನ ಜೊತೆ ಸೊಪ್ಪು, ಕಾಳನ್ನೂ ಹಿಸುಕಿ ಕೊಡಿ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಕಬ್ಬಿಣವೂ ಇದೆ. ಮೊಳಕೆ ಕಟ್ಟಿದ ರಾಗಿ ಇನ್ನೂ ಒಳ್ಳೆಯದು. ತಿನ್ನುವ ಮನೆಯಾದರೆ ಮೊಟ್ಟೆ, ಕೋಳಿ ಇರಲಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಹಾಕಬೇಕು. ಹಲವು ಮನೆಗಳಲ್ಲಿ ಅದು ದೇವರ ಗೂಡಿನ ಪಕ್ಕ ಸುಮ್ನೆ ಕೂತಿರುತ್ತದೆ. ಆ ಸಿರಪ್ಪನ್ನು ಹಾಲಿನ ಜೊತೆ ಕೊಡಬೇಡಿ.

ಬಾಟಲಿಯನ್ನೂ ಇದೇ ಹೊತ್ತಿಗೆ ಬಿಡಿಸಿ. ಬಾಟಲಿಯಲ್ಲಿ ಎಷ್ಟು ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಬಾಯಲ್ಲಿಟ್ಟುಕೊಂಡೇ ಮಲಗಿದರೆ ಹಲ್ಲು ಹುಳುಕು. ನಮ್ಮ ಅಜ್ಜಿಯರ ಕಾಲದಲ್ಲಿ ಮಗುವಿಗೆ ಹಾಲು ಕುಡಿಸುವ ಪುಟ್ಟ ಒಳಲೆ ಇರಲಿಲ್ಲವೇ? ವರ್ಷದ ಮಗು ಪುಟ್ಟ ಸ್ಟೀಲ್ ಲೋಟದಲ್ಲೇ ಕುಡಿಯುತ್ತದೆ. ಮೊದಲ ವಾರ ಅರ್ಧ ಅಂಗಿಗೆ, ಅರ್ಧ ಹೊಟ್ಟೆಗೆ. ವರ್ಷದ ಮೇಲೆ ಮೂರನೇ ನಂಬರಿನ ಡಬ್ಬಿ ಬೇಕಾ ಅಂತ ಕೇಳುತ್ತಾರೆ. ಊಟ ಮಾಡುವ ಮಗುವಿಗೆ ಅದರ ಅಗತ್ಯವಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೂ ಬಾಟಲಿಗೂ ಜಾಹೀರಾತು ಕೊಡಬಾರದೆಂದು 1992ರ ಕಾನೂನೇ ಇದೆ. ಆದರೂ ಅಂಗಡಿಯ ಶೆಲ್ಫಿನಲ್ಲಿ ಒಂದರ ಪಕ್ಕ ಎರಡು, ಎರಡರ ಪಕ್ಕ ಮೂರು ಅಂತ ಜೋಡಿಸಿಟ್ಟಿರುವುದೇ ಅರ್ಧ ಜಾಹೀರಾತು.

ಆ ಮಗುವಿಗೆ ಕಬ್ಬಿಣದ ಔಷಧಿ ಶುರುಮಾಡಿ, ಹಾಲನ್ನು ಎರಡು ಲೋಟಕ್ಕೆ ಇಳಿಸಿದೆವು. ಮೊದಲ ನಾಲ್ಕು ರಾತ್ರಿ ಮನೆಯವರಾರೂ ನಿದ್ದೆ ಮಾಡಲಿಲ್ಲವಂತೆ. ಐದನೇ ದಿನ ಅದೇ ಮುದ್ದೆಗೆ ಕೈ ಹಾಕಿತು. ಎರಡು ತಿಂಗಳ ನಂತರ ಬಂದಾಗ ಹಿಮೋಗ್ಲೋಬಿನ್ 11.2. ತುಟಿ ಕೆಂಪಗಿತ್ತು, ಕ್ಲಿನಿಕ್ಕಿನ ತುಂಬಾ ಓಡಾಡುತ್ತಿತ್ತು. ಔಷಧಿ ಇನ್ನೂ ಎರಡು ತಿಂಗಳು ನಡೆಯಲಿ ಎಂದು ಬರೆಯುತ್ತಿದ್ದೆ. ಅಜ್ಜಿ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಎಲ್ಲಾ ಸರಿ ಡಾಕ್ಟ್ರೇ, ಮಗು ಸ್ವಲ್ಪ ಕಪ್ಪಗಾಯ್ತು ಅಲ್ವಾ?"