ಬೋರ್ಡ್ ಒರೆಸುವಷ್ಟರಲ್ಲಿ ಒಂದೂವರೆ ಸಾಲು

ನಮ್ಮ ಪಕ್ಕದ ಮನೆಯ ಹುಡುಗಿ ಆರನೇ ಕ್ಲಾಸು. ಅವಳಿಗೆ ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ತೊಂದರೆ. ಒಂದು ಸಂಜೆ ಅವಳ ವಿಜ್ಞಾನದ ನೋಟ್‌ಬುಕ್ ತೆರೆದು ನೋಡಿದೆ. ಮೇಲೆ 'ದ್ಯುತಿಸಂಶ್ಲೇಷಣೆ' ಅಂತ ಬರೆದಿದ್ದಳು. 'ಶ್ಲೇ' ಬರೆದ ಕಡೆ ಪೆನ್ಸಿಲ್ ಒತ್ತಿ ಕಾಗದ ಹರಿದಿತ್ತು. ಕೆಳಗೆ ಒಂದೂವರೆ ಸಾಲು, ಆಮೇಲೆ ಪುಟ ಖಾಲಿ. ಅಷ್ಟರಲ್ಲಿ ಬೋರ್ಡ್ ಒರೆಸಿಬಿಟ್ಟಿದ್ದರಂತೆ. ಆದರೆ ಗಿಡ ಊಟ ಹೇಗೆ ತಯಾರಿಸಿಕೊಳ್ಳುತ್ತೆ ಅಂತ ಕೇಳಿದರೆ ತಡವರಿಸುತ್ತಲೇ ಪೂರ್ತಿ ಹೇಳಿದಳು.

ಹಾಗಾದರೆ ಬರೆಯೋದು ಯಾಕೆ ಇಷ್ಟು ಕಷ್ಟ? ಬೆರಳುಗಳ ಒಳಗೆ ಅವನ್ನು ಮಡಚಿ ಬಿಚ್ಚುವ ಸ್ನಾಯುಗಳು ಇಲ್ಲವೇ ಇಲ್ಲ. ಅವು ಇರೋದು ಅಂಗೈಯಲ್ಲಿ ಮತ್ತು ಮಣಿಕಟ್ಟಿನಿಂದ ಮೊಣಕೈವರೆಗಿನ ಭಾಗದಲ್ಲಿ. ದಾರದಂಥ ಸ್ನಾಯುರಜ್ಜುಗಳ ಮೂಲಕ ಬೆರಳನ್ನು ಎಳೀತಾವೆ. ಒಂದು ಸ್ನಾಯು ಬಿಗಿಯಾದಾಗ ಎದುರಿನದು ಸಡಿಲ ಬಿಡಬೇಕು. ಮಿದುಳು ಬೆಳೆಯುವ ಹೊತ್ತಲ್ಲಿ ಪೆಟ್ಟಾಗಿ ಸೆರೆಬ್ರಲ್ ಪಾಲ್ಸಿ ಬಂದ ಎಷ್ಟೋ ಮಕ್ಕಳಲ್ಲಿ ಈ ಹೊಂದಾಣಿಕೆ ಸರಿಯಾಗಿ ಆಗೋದಿಲ್ಲ, ಎರಡೂ ಒಟ್ಟಿಗೆ ಬಿಗಿಯುತ್ತವೆ, ಬೇಗ ಬರಿ ಅಂತ ಅವಸರ ಮಾಡಿದರಂತೂ ಬಿಗಿತ ಭುಜದವರೆಗೂ ಏರುತ್ತೆ. ಅದಕ್ಕೇ ದಯವಿಟ್ಟು 'ಬೇಗ ಬೇಗ' ಅನ್ನಬೇಡಿ.

ಇನ್ನೊಂದು ವಿಷಯ ಇದೆ, ನನಗೆ ಇದೇ ಮುಖ್ಯ ಅನ್ನಿಸೋದು. ನಮಗೆ ಅಕ್ಷರ ರೂಢಿಯಾಗಿದೆ, 'ಶ್ಲೇ' ಬರೆಯುವಾಗ ಒತ್ತು ಎಲ್ಲಿ, ದೀರ್ಘ ಎಲ್ಲಿ ಅಂತ ಯೋಚಿಸೋದಿಲ್ಲ. ಅವಳಿಗೆ ಪ್ರತಿ ಗೆರೆಗೂ ಗಮನ ಬೇಕು. ಒಂದು ಕ್ಷಣದಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳೋದು ಕೆಲವೇ ಸಂಗತಿಗಳನ್ನು. ಆ ಜಾಗವನ್ನೆಲ್ಲ ಅಕ್ಷರವೇ ತಿಂದರೆ ಪಾಠ ಕಿವಿಗೆ ಬಿದ್ದರೂ ಒಳಗಿಳಿಯೋದಿಲ್ಲ, ಅಲ್ವಾ?

ನೋಟ್ಸ್‌ನಲ್ಲಿ ಎರಡು ಕೆಲಸ ಇದೆ. ಬರೆಯೋದು ಕೈಯದು, ಯಾವುದು ಮುಖ್ಯ ಅಂತ ಆರಿಸೋದು ತಲೆಯದು. ಮೊದಲನೆಯದನ್ನು ಬೇರೆಯವರು ಹಂಚಿಕೊಳ್ಳಬಹುದು. ಎರಡನೆಯದು ಮಗುವಿನ ಹತ್ತಿರವೇ ಇರಬೇಕು.

ಸುಲಭದ ದಾರಿ ಅಂದರೆ ಕಾರ್ಬನ್ ಪೇಪರ್. ಪಕ್ಕ ಕೂರುವ ಗೆಳತಿಯ ಹಾಳೆಯ ಕೆಳಗೆ ಒಂದು ಕಾರ್ಬನ್, ಅದರ ಕೆಳಗೆ ಇನ್ನೊಂದು ಹಾಳೆ, ಅಷ್ಟೇ. ಅವಳು ಎಂದಿನಂತೆ ಬಾಲ್‌ಪೆನ್ನಲ್ಲಿ ಬರೆಯುತ್ತಾಳೆ, ಗಂಟೆ ಹೊಡೆದಾಗ ನಕಲು ರೆಡಿ. ನಮ್ಮ ಹುಡುಗಿ ಆ ಹೊತ್ತು ಪಾಠ ಕೇಳ್ತಾಳೆ, ಆಮೇಲೆ ದಪ್ಪ ಕೆಂಪು ಕ್ರೇಯಾನ್ ಹಿಡಿದು ನಕಲಿನ ಮೇಲೆ ಗುರುತು ಹಾಕ್ತಾಳೆ. ಅಯಸ್ಕಾಂತವನ್ನು ತುಂಡು ಮಾಡಿದರೆ ಪ್ರತಿ ತುಂಡಿಗೂ ಎರಡು ಧ್ರುವ ಇರುತ್ತೆ ಅನ್ನೋ ಸಾಲಿನ ಪಕ್ಕ ದೊಡ್ಡ ಪ್ರಶ್ನೆ ಚಿಹ್ನೆ ಇತ್ತು. ಏನು ಅಂದರೆ, 'ತುಂಡು ಮಾಡ್ತಾನೇ ಹೋದ್ರೆ?' ಅಂದಳು. ನೋಟ್ಸ್ ಅಂದರೆ ಇದು.

ಸ್ವಲ್ಪವಾದರೂ ಬರೆಯಬಲ್ಲ ಮಗುವಿಗೆ ಟೀಚರ್ ಮುಖ್ಯ ಪದಗಳ ಜಾಗ ಖಾಲಿ ಬಿಟ್ಟ ಹಾಳೆ ಕೊಡಬಹುದು. ಪಾದ ನೆಲಕ್ಕೆ ಊರದಿದ್ದರೆ ಕಾಲ ಕೆಳಗೆ ಮಣೆ ಇಡಿ. ಸೊಂಟ ಗಟ್ಟಿಯಾಗಿ ನಿಂತರೆ ಕೈ ಹಗುರಾಗುತ್ತೆ. ಪೆನ್ಸಿಲ್ಲಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಹಿಡಿತ ದಪ್ಪವಾಗುತ್ತೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡಿಸಬಹುದು, ಆದರೆ ಗದ್ದಲದ ಕ್ಲಾಸಿನಲ್ಲಿ ಅದು ಆಗದು. ಮನೆಗೆ ಬಂದ ಮೇಲೆ ಸರಿ.

ಪರೀಕ್ಷೆಗೆ ಕಾನೂನಿನ ಬೆಂಬಲ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬರೆಯಲು ಸಹಾಯಕರನ್ನೂ ಹೆಚ್ಚಿನ ಸಮಯವನ್ನೂ ಕೊಡಬೇಕು ಅನ್ನುತ್ತೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರಿಗೆ ಸುಪ್ರೀಂ ಕೋರ್ಟ್ 2021ರಲ್ಲಿ ಸಹಾಯಕರನ್ನು ಕೊಡಿಸಿತು. ಆದರೆ ಪರೀಕ್ಷೆ ವರ್ಷಕ್ಕೆ ಕೆಲವೇ ದಿನ, ಕ್ಲಾಸು ದಿನಾ ಇರುತ್ತೆ. ಅದೇ ಕಾಯ್ದೆ ಕ್ಲಾಸಿನಲ್ಲೂ ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅಂತ ಹೇಳುತ್ತೆ, ಸುಮ್ನೆ ಸಂಕೋಚ ಪಡಬೇಡಿ, ಕೇಳಿ. ಶಾಲೆ ಶುರುವಾದ ವಾರವೇ ಟೀಚರ್ ಹತ್ತಿರ ಕೂತು ಮಾತಾಡಿ: ಕಾರ್ಬನ್ ಯಾರು ತರೋದು, ಒಬ್ಬಳಿಗೇ ಹೊರೆಯಾಗದ ಹಾಗೆ ವಾರಕ್ಕೊಬ್ಬರು ಬರೆಯಬಹುದಾ, ಆ ಗೆಳತಿ ರಜೆ ಹಾಕಿದ ದಿನ ಯಾರು ಬರೀತಾರೆ.