ಅದಿರು ಹೋಯಿತು, ಅಸಲು ಎಲ್ಲಿ?

ಅರಬೈಲ್ ಘಟ್ಟ ಇಳಿಯುತ್ತಿದ್ದ ಅದಿರು ಲಾರಿಗಳ ಸಾಲನ್ನು ಅಂಕೋಲೆಯವರು ಇನ್ನೂ ಮರೆತಿಲ್ಲ. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಬೇಲೆಕೇರಿ, ಕಾರವಾರ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಅದರಲ್ಲಿ ಅಕ್ರಮ ಎಷ್ಟು ನಡೆದಿತ್ತು ಎಂಬುದನ್ನು 2011ರ ಲೋಕಾಯುಕ್ತ ವರದಿ ಬಿಚ್ಚಿಟ್ಟಿತು. ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವುದು ಸಕ್ರಮವಾಗಿಯೇ ಹೋದ ಅದಿರಿನ ಲೆಕ್ಕ. 2009ರ ಆಗಸ್ಟ್‌ವರೆಗೆ ಒಂದು ಟನ್ನಿಗೆ ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಹೆಚ್ಚೆಂದರೆ 27 ರೂಪಾಯಿ. ಬಂದರಿನಲ್ಲಿ ಅದೇ ಟನ್ನು ಸಾವಿರಗಟ್ಟಲೆ ಬಾಳುತ್ತಿತ್ತು! ಆಮೇಲೆ ರಾಜಧನವನ್ನು ಬೆಲೆಯ ಶೇ. 10ಕ್ಕೆ, 2014ರಲ್ಲಿ ಶೇ. 15ಕ್ಕೆ ಏರಿಸಿದರು. ಅಷ್ಟರಲ್ಲಿ ಒಳ್ಳೆಯ ಬೆಲೆಯ ಕಾಲ ಮುಗಿಯುತ್ತ ಬಂದಿತ್ತು.

ಗಣಿಯಿಂದ ಬರುವುದು ಆದಾಯವಲ್ಲ, ಆಸ್ತಿ ಮಾರಿದ ಹಣ. ಶಿರಸಿ ಕಡೆಯ ಅಡಿಕೆ ತೋಟಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಟ್ಟದಿಂದ ಸೊಪ್ಪು ತರುವುದು ಬೇರೆ, ಬೆಟ್ಟದ ಮರವನ್ನೇ ಕಡಿದು ಮಾರುವುದು ಬೇರೆ. ಅದಿರು ಮತ್ತೆ ಚಿಗುರುವುದಿಲ್ಲ. ಹಾಗಾದರೆ ಮುಂದಿನವರಿಗೆ ಏನು ಉಳಿಸಬೇಕು? ಅರ್ಥಶಾಸ್ತ್ರಜ್ಞ ಜಾನ್ ಹಾರ್ಟ್‌ವಿಕ್ 1977ರಲ್ಲಿ ಇದಕ್ಕೆ ಗಣಿತದ ಉತ್ತರ ಕೊಟ್ಟರು: ತೆಗೆಯುವ ಖರ್ಚು ಕಳೆದು ಉಳಿದ ಲಾಭವನ್ನೆಲ್ಲ ಬೇರೆ ಬಂಡವಾಳವಾಗಿ ಮಾಡಿಟ್ಟರೆ ಮೊಮ್ಮಕ್ಕಳ ಬದುಕು ನಮ್ಮದಕ್ಕಿಂತ ಕೆಳಗಿಳಿಯಬೇಕಿಲ್ಲ.

ನಾರ್ವೆ ಬಹುಮಟ್ಟಿಗೆ ನಡೆದದ್ದು ಈ ದಾರಿಯಲ್ಲೇ. 1969ರಲ್ಲಿ ಅಲ್ಲಿನ ಸಮುದ್ರದಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು. ತೈಲ ಕಂಪನಿಗಳ ಲಾಭಕ್ಕೆ ಒಟ್ಟು ಶೇ. 78 ತೆರಿಗೆ. ತೈಲದ ಹಣ ಕೂಡಿಡಲು 1990ರ ಕಾನೂನಿನಂತೆ ಕಟ್ಟಿದ ನಿಧಿಯ ಹಣವನ್ನು ಹೊರದೇಶಗಳಲ್ಲೇ ಹೂಡುತ್ತಾರೆ. ಅಷ್ಟೂ ಹಣ ಒಮ್ಮೆಲೇ ಒಳಗೆ ಸುರಿದರೆ ಬೆಲೆ, ಕೂಲಿ ಏರಿ ಉಳಿದ ಉದ್ದಿಮೆಗಳು ಸೊರಗುತ್ತವೆ. ಅನಿಲ ಸಿಕ್ಕ ಮೇಲೆ ನೆದರ್‌ಲ್ಯಾಂಡ್ಸ್‌ ಪಟ್ಟ ಪಾಡು ಅದು. ವರ್ಷಕ್ಕೆ ನಿಧಿಯ ಸುಮಾರು ಶೇ. 3ರಷ್ಟನ್ನು, ಅಂದರೆ ಗಳಿಕೆಯನ್ನು ಮಾತ್ರ, ಖರ್ಚು ಮಾಡಬೇಕೆಂಬುದು ನಿಯಮ. ಅಮೆರಿಕದ ಅಲಾಸ್ಕಾ ರಾಜ್ಯ 1982ರಿಂದ ತನ್ನ ತೈಲ ನಿಧಿಯ ಗಳಿಕೆಯಲ್ಲಿ ಪ್ರತಿ ನಿವಾಸಿಗೂ ನೇರ ಪಾಲು ಕೊಡುತ್ತಿದೆ. ಈ ಪದ್ಧತಿ ನನಗೆ ಹಿಡಿಸಿದ್ದು, ಪಾಲುದಾರರಾದ ಜನ ನಿಧಿಯನ್ನು ಕಾಯುತ್ತಾರೆ ಎಂಬ ಕಾರಣಕ್ಕೆ.

ನಮ್ಮಲ್ಲಿ ಗಣಿ ಕಾನೂನಿನ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಹಳೆಯ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನು ಹೆಚ್ಚುವರಿಯಾಗಿ ಇವಕ್ಕೆ ಕಟ್ಟಬೇಕು. ಗಣಿ ಊರುಗಳ ನೀರು, ಆಸ್ಪತ್ರೆ, ಶಾಲೆಗೆ ಆ ಹಣ ಬೇಕೇ ಬೇಕು. ಆದರೆ ಅದು ಖರ್ಚಾಗುವ ಹಣ, ಕೂಡಿಡುವ ಹಣವಲ್ಲ.

ಮಾಜಾಳಿ ದಾಟಿದರೆ ಗೋವಾ. ಅಲ್ಲಿನ ಅದಿರಿನ ಮಾರಾಟದ ಹಣದಲ್ಲಿ ಶೇ. 10ರಷ್ಟನ್ನು ಶಾಶ್ವತ ನಿಧಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಆದೇಶಿಸಿತು. ಕರ್ನಾಟಕಕ್ಕೂ ಅಂಥ ನಿಧಿ ಬೇಕು. ಅಸಲನ್ನು ಯಾವ ಸರ್ಕಾರವೂ ಮುಟ್ಟದಂತೆ ಕಾನೂನು ಕಟ್ಟಬೇಕು, ಲೆಕ್ಕ ವರ್ಷವರ್ಷ ಜನರ ಮುಂದೆ ಬರಬೇಕು. ಗಳಿಕೆಯ ಪಾಲು ಸಂಡೂರಿನ ಗಣಿ ಊರುಗಳಿಗೆ ಮೊದಲು ಸಲ್ಲಲಿ. ಕೆಂಧೂಳು ಕುಡಿದ ಘಟ್ಟದ ದಾರಿಯ ಊರುಗಳಿಗೂ, ಬೇಲೆಕೇರಿಯ ಮೀನುಗಾರರಿಗೂ ಸಲ್ಲಲಿ.