ಅಪ್ಪ ಅಮ್ಮನ ಗ್ರೀನ್ ಕಾರ್ಡ್ ಇದೆ, ವಿಮೆಯ ಸಬ್ಸಿಡಿ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಅಮೆರಿಕದ ಪೌರ, ಟೆಕ್ಸಾಸ್‌ನಲ್ಲಿದ್ದೇನೆ. ಅಪ್ಪನಿಗೆ 68, ಅಮ್ಮನಿಗೆ 66. ಇಬ್ಬರೂ 2023ರಲ್ಲಿ ಗ್ರೀನ್ ಕಾರ್ಡ್ ಮೇಲೆ ಬಂದರು. 2025ರವರೆಗೆ ಅವರ ಒಬಾಮಾಕೇರ್ ಪ್ಲಾನ್‌ಗೆ ಕೈಯಿಂದ ಕಟ್ಟುತ್ತಿದ್ದದ್ದು ಇಲ್ಲವೆನ್ನುವಷ್ಟು ಕಡಿಮೆ. 2026ಕ್ಕೆ ಪೂರ್ತಿ ಪ್ರೀಮಿಯಂ ಕೇಳುತ್ತಿದ್ದಾರೆ. ಹೊಸ ಕಾನೂನಿನಿಂದ ಅವರಿಗೆ ವಿಮೆಯೇ ಇಲ್ಲವಾಯಿತೇ?

ಉತ್ತರ: ವಿಮೆ ಹೋಗಿಲ್ಲ, ಹೋಗಿರುವುದು ಸಬ್ಸಿಡಿ. ಈಗಲೂ ಅವರು ಸರ್ಕಾರದ ವಿಮಾ ಮಾರುಕಟ್ಟೆಯಾದ ‘ಮಾರ್ಕೆಟ್‌ಪ್ಲೇಸ್’ನಲ್ಲಿ, ಅಂದರೆ ಹೆಲ್ತ್‌ಕೇರ್ ಡಾಟ್ ಗವ್‌ನಲ್ಲಿ, ಪ್ಲಾನ್ ಕೊಳ್ಳಬಹುದು. ಸಕ್ಕರೆ ಕಾಯಿಲೆ ಇದೆ, ಬೈಪಾಸ್ ಆಗಿದೆ ಎಂದು ಕಂಪನಿ ಅವರನ್ನು ತಿರಸ್ಕರಿಸುವಂತಿಲ್ಲ. ಆದರೆ ಸಬ್ಸಿಡಿಯಿಲ್ಲದೆ ಈ ವಯಸ್ಸಿಗೆ ಒಬ್ಬೊಬ್ಬರ ಪ್ರೀಮಿಯಂ ತಿಂಗಳಿಗೆ ಸಾವಿರ ಡಾಲರ್ ದಾಟುವುದು ಮಾಮೂಲು. ಹಾಗಾಗಿ ಬಹಳಷ್ಟು ಮನೆಗಳಲ್ಲಿ ಎರಡರ ಫಲವೂ ಒಂದೇ.

2026ರ ಜನವರಿ 1ರಂದು ಎರಡು ಬದಲಾವಣೆ ಒಟ್ಟಿಗೆ ಜಾರಿಗೆ ಬಂದವು. ಸುದ್ದಿಯಲ್ಲಿ ಸದ್ದು ಮಾಡಿದ್ದು ಕೋವಿಡ್ ಕಾಲದಲ್ಲಿ, 2021ರಲ್ಲಿ ಕೊಟ್ಟಿದ್ದ ಹೆಚ್ಚುವರಿ ಸಬ್ಸಿಡಿಯ ಅವಧಿ ಮುಗಿದದ್ದು. ನಿಮ್ಮ ಮನೆಗೆ ತಟ್ಟಿದ್ದು ಬಹುಶಃ ಇನ್ನೊಂದು. 1996ರ ಕಾನೂನಿನ ಪ್ರಕಾರ ಹೊಸ ಗ್ರೀನ್ ಕಾರ್ಡ್‌ದಾರರಿಗೆ ಸಾಮಾನ್ಯವಾಗಿ ಐದು ವರ್ಷ ಮೆಡಿಕೇಡ್ (ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಇಲ್ಲ. ಮಾರ್ಕೆಟ್‌ಪ್ಲೇಸ್ ಸಬ್ಸಿಡಿಗೆ ಬಡತನ ರೇಖೆಯ ಶೇ. 100ರಷ್ಟಾದರೂ ಆದಾಯ ಬೇಕು. ನಡುವೆ ಬಿದ್ದವರಿಗಾಗಿ 2010ರ ಆರೋಗ್ಯ ಕಾನೂನು (ಒಬಾಮಾಕೇರ್) ಒಂದು ವಿನಾಯಿತಿ ಇಟ್ಟಿತ್ತು: ವಲಸೆ ಸ್ಥಿತಿಯ ಕಾರಣಕ್ಕೆ ಮೆಡಿಕೇಡ್ ಸಿಗದಿದ್ದರೆ ಆದಾಯ ಎಷ್ಟೇ ಕಡಿಮೆಯಿದ್ದರೂ ಸಬ್ಸಿಡಿ ಉಂಟು. 2025ರ ಜುಲೈ 4ರಂದು ಸಹಿ ಬಿದ್ದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಈ ವಿನಾಯಿತಿಯನ್ನು ತೆಗೆದುಹಾಕಿತು.

ಈಗಿನ ಲೆಕ್ಕ ವಿಚಿತ್ರವಾಗಿದೆ. ಇಬ್ಬರ ಕುಟುಂಬಕ್ಕೆ 2026ರ ವಿಮೆಗೆ ಹಿಡಿಯುವ ಬಡತನ ರೇಖೆ ವರ್ಷಕ್ಕೆ 21,150 ಡಾಲರ್. ಅಪ್ಪ ಅಮ್ಮ ತಾವೇ ಜಂಟಿಯಾಗಿ ತೆರಿಗೆ ಸಲ್ಲಿಸಿ 24,000 ಡಾಲರ್ ಆದಾಯ ತೋರಿಸಿದರೆ, ಬೆಂಚ್‌ಮಾರ್ಕ್ ಸಿಲ್ವರ್ ಪ್ಲಾನ್‌ಗೆ (ಸಬ್ಸಿಡಿ ಲೆಕ್ಕಕ್ಕೆ ಅಳತೆಗೋಲಾಗಿ ಹಿಡಿಯುವ ಮಧ್ಯಮ ದರ್ಜೆಯ ಪ್ಲಾನ್) ಅವರು ಕಟ್ಟಬೇಕಾದದ್ದು ಆದಾಯದ ಶೇ. 2.10, ಅಂದರೆ ಇಬ್ಬರಿಗೂ ಸೇರಿ ತಿಂಗಳಿಗೆ 42 ಡಾಲರ್. ಆದಾಯ 20,000 ಆದರೆ ಸಬ್ಸಿಡಿ ಸೊನ್ನೆ. ಬಡವರಾದಷ್ಟೂ ದುಬಾರಿ! ಮೇಲಿನ ಗಡಿ ಶೇ. 400, ಇಬ್ಬರಿಗೆ 84,600 ಡಾಲರ್. ಅದರಾಚೆಗೂ ಸೊನ್ನೆಯೇ. ಊರಿನ ಸೈಟು ಮಾರುವ ಯೋಚನೆಯಿದ್ದರೆ ಮಾರುವ ಮೊದಲೇ ಈ ಗಡಿ ನೆನಪಿರಲಿ, ಆ ಲಾಭವೂ ಆ ವರ್ಷದ ಆದಾಯ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಯಾವ ಪ್ಲಾನ್ ಎಂಬುದಲ್ಲ, ಅವರ ನಿಜವಾದ ಆದಾಯ ಎಷ್ಟು ಎಂಬುದು. ಗ್ರೀನ್ ಕಾರ್ಡ್ ಬಂದ ದಿನದಿಂದ ಅಮೆರಿಕ ಅವರ ಜಗತ್ತಿನಾದ್ಯಂತದ ಆದಾಯವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಅಪ್ಪನ ಪಿಂಚಣಿ ತಿಂಗಳಿಗೆ 70,000 ರೂಪಾಯಿ, ವರ್ಷಕ್ಕೆ 8.4 ಲಕ್ಷ ಎಂದಿಟ್ಟುಕೊಳ್ಳಿ. ಊರಿನ ಮನೆ ಬಾಡಿಗೆ ಖರ್ಚು ಕಳೆದು 3 ಲಕ್ಷ. ಎಫ್‌ಡಿ ಬಡ್ಡಿ 3 ಲಕ್ಷ. ಅಡಿಕೆ ತೋಟದಿಂದ ಕೈಗೆ ಉಳಿದದ್ದು 5 ಲಕ್ಷ. ಒಟ್ಟು 19.4 ಲಕ್ಷ, ಡಾಲರಿಗೆ 90 ರೂಪಾಯಿಯಂತೆ ಸುಮಾರು 21,555 ಡಾಲರ್. ಗಡಿ ದಾಟಿತು.

ಜನ ಎಡವುವುದು ತೋಟದಲ್ಲಿ. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ, ಹಾಗಾಗಿ ಅಮೆರಿಕದ ರಿಟರ್ನ್‌ನಲ್ಲೂ ಬರೆಯುವುದಿಲ್ಲ. ಪಿಪಿಎಫ್ ಬಡ್ಡಿಯದ್ದೂ ಇದೇ ಕಥೆ. ಬರೆಯದಿರುವುದು ತಪ್ಪಂತೂ ಹೌದು. ಈಗ ಅದೇ ತಪ್ಪಿನಿಂದ ಸಬ್ಸಿಡಿಯೂ ಕೈತಪ್ಪುತ್ತದೆ. ಮೇಲಿನ ಲೆಕ್ಕದಲ್ಲಿ ತೋಟ ಬಿಟ್ಟರೆ ಉಳಿಯುವುದು 16,000 ಡಾಲರ್ ಮಾತ್ರ. ನೀವು ತಿಂಗಳು ತಿಂಗಳು ಅವರ ಖಾತೆಗೆ ಹಾಕುವ ಹಣ ಉಡುಗೊರೆ, ಅದು ಆದಾಯಕ್ಕೆ ಸೇರದು. ಇನ್ನೊಂದು ಸೂಕ್ಷ್ಮ: ರೂಪಾಯಿ 92ಕ್ಕೆ ಇಳಿದರೆ ಅದೇ 19.4 ಲಕ್ಷ 21,087 ಡಾಲರ್ ಆಗಿ ಗಡಿಯ ಕೆಳಗೆ ಬೀಳುತ್ತದೆ. ಅರ್ಜಿಯಲ್ಲಿ ಕೊಟ್ಟ ಅಂದಾಜು ಪ್ರಾಮಾಣಿಕವಾಗಿದ್ದು, ವರ್ಷದ ಕೊನೆಗೆ ಆದಾಯ ಹೀಗೆ ಕುಸಿದರೆ ತೆರಿಗೆ ನಿಯಮದಲ್ಲಿ ರಕ್ಷಣೆ ಇದೆ. ಬೇಕೆಂದೇ ಉಬ್ಬಿಸಿದ ಅಂಕಿಗೆ ಇಲ್ಲ. ಪಿಂಚಣಿ ಸ್ಲಿಪ್, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಅಡಿಕೆ ಮಂಡಿಯ ಪಟ್ಟಿ ಎಲ್ಲವನ್ನೂ ಎತ್ತಿಡಿ.

ಎರಡನೆಯ ದಾರಿ, ಅವರನ್ನು ನಿಮ್ಮ ರಿಟರ್ನ್‌ನಲ್ಲಿ ಅವಲಂಬಿತರೆಂದು ತೋರಿಸುವುದು. ಆಗ ಅಳೆಯುವುದು ನಿಮ್ಮ ಮನೆಯ ಆದಾಯವನ್ನು, ಆದ್ದರಿಂದ ಕೆಳಗಿನ ಗಡಿಯ ತೊಂದರೆಯಿಲ್ಲ. ನೀವಿಬ್ಬರು, ಎರಡು ಮಕ್ಕಳು, ಅಪ್ಪ ಅಮ್ಮ ಸೇರಿ ಆರು ಜನರಿಗೆ ಮೇಲಿನ ಗಡಿ 1,72,600 ಡಾಲರ್. ನಿಮ್ಮ ಆದಾಯ 1,50,000, ಅಪ್ಪ ಅಮ್ಮನ ಬೆಂಚ್‌ಮಾರ್ಕ್ ಪ್ಲಾನ್ ತಿಂಗಳಿಗೆ 2,400 ಡಾಲರ್ ಎಂದುಕೊಳ್ಳೋಣ. ನಿಮ್ಮ ಪಾಲು ಆದಾಯದ ಶೇ. 9.96, ವರ್ಷಕ್ಕೆ 14,940. ಉಳಿದ 13,860 ಡಾಲರ್ ಸಬ್ಸಿಡಿ. ನೀವು ಆಫೀಸಿನ ವಿಮೆಯಲ್ಲಿದ್ದರೂ ಅಡ್ಡಿಯಿಲ್ಲ, ಆ ವಿಮೆ ಸಾಮಾನ್ಯವಾಗಿ ತಂದೆತಾಯಿಯನ್ನು ಸೇರಿಸಿಕೊಳ್ಳುವುದಿಲ್ಲ.

ಆದರೆ ಡಿಸೆಂಬರ್‌ನಲ್ಲಿ ಬೋನಸ್ ಅಥವಾ ಕಂಪನಿಯ ಷೇರು ಬಂದು 1,72,600 ದಾಟಿದಿರೋ, ಮುಂಗಡ ಪಡೆದ ಸಬ್ಸಿಡಿಯಷ್ಟನ್ನೂ 8962 ಫಾರ್ಮ್‌ನಲ್ಲಿ ಮರಳಿ ಕಟ್ಟಬೇಕು. ಕಡಿಮೆ ಆದಾಯದವರಿಗೆ ಈ ಮರುಪಾವತಿಗೆ ಇದ್ದ ಮಿತಿಯನ್ನೂ 2026ರ ತೆರಿಗೆ ವರ್ಷದಿಂದ ತೆಗೆದಿದ್ದಾರೆ. ಗಡಿಯ ಹತ್ತಿರ ಇರುವವರು ಆಫೀಸಿನ ನಿವೃತ್ತಿ ಉಳಿತಾಯ ಖಾತೆಯಾದ ಸಾಂಪ್ರದಾಯಿಕ 401-ಕೆಗೆ ಹೆಚ್ಚು ಹಾಕಿ ಆದಾಯ ತಗ್ಗಿಸಬಹುದು, 2026ರ ಮಿತಿ 24,500 ಡಾಲರ್. ತೆರಿಗೆ ಕಟ್ಟಿದ ಹಣ ಹಾಕುವ ರಾತ್ ಖಾತೆಗೆ ಹಾಕಿದರೆ ಈ ಲಾಭವಿಲ್ಲ.

ಅವಲಂಬಿತರಾಗಲು ಅವರ ಸ್ವಂತ ಆದಾಯ ತೀರಾ ಕಡಿಮೆಯಿರಬೇಕು. 2025ಕ್ಕೆ ತಲಾ 5,200 ಡಾಲರ್‌ಗಿಂತ ಕೆಳಗೆ. ತಿಂಗಳಿಗೆ 40,000 ರೂಪಾಯಿ ಪಿಂಚಣಿಯೇ 90ರ ದರದಲ್ಲಿ 5,333 ಡಾಲರ್. ನಿವೃತ್ತ ಮೇಷ್ಟ್ರುಗಳ ಕುಟುಂಬಗಳು ಸಿಕ್ಕಿಬೀಳುವುದು ಇಲ್ಲೇ: ಅವಲಂಬಿತರಾಗಲು ಪಿಂಚಣಿ ಜಾಸ್ತಿ, ಸಬ್ಸಿಡಿಗೆ ಕಮ್ಮಿ. ಅತ್ತ ದರಿ, ಇತ್ತ ಪುಲಿ. ಅಮ್ಮನಿಗೆ ಆದಾಯವಿಲ್ಲದಿದ್ದರೆ ಅವರೊಬ್ಬರನ್ನಾದರೂ ನಿಮ್ಮ ರಿಟರ್ನ್‌ಗೆ ತರಬಹುದು. ಆಗ ಅವರು ಅಪ್ಪನ ಜೊತೆ ಜಂಟಿ ರಿಟರ್ನ್ ಹಾಕುವಂತಿಲ್ಲ, ಬೇರೆಯಾಗಿ ಸಲ್ಲಿಸುವ ಅಪ್ಪನಿಗೆ ಸಬ್ಸಿಡಿ ಸಿಗುವುದಿಲ್ಲ. ತೆರಿಗೆ ಲೆಕ್ಕಿಗರ ಬಳಿ ಎರಡೂ ರೀತಿ ಹಾಕಿಸಿ ನೋಡಿ. ಇದು ವಿಮಾ ಏಜೆಂಟರ ಕೆಲಸವಲ್ಲ.

ದುಬಾರಿಯೆಂದು ಪ್ಲಾನ್ ಬಿಟ್ಟು ಪ್ರವಾಸಿ ವಿಮೆಗೆ ಹಾರುವವರಿದ್ದಾರೆ. ಹಳೆಯ ಕಾಯಿಲೆಗೆ ಅದರಲ್ಲಿ ಸಿಗುವುದು ಹೆಚ್ಚೆಂದರೆ ದಿಢೀರ್ ಉಲ್ಬಣಕ್ಕೆ ಒಂದಿಷ್ಟು. ತಿಂಗಳ ಇನ್ಸುಲಿನ್‌ಗೆ, ತಪಾಸಣೆಗೆ ಏನೂ ಇಲ್ಲ. ಒಮ್ಮೆ ಬಿಟ್ಟರೆ ಮತ್ತೆ ಸೇರಲು ನವೆಂಬರ್ 1ರವರೆಗೆ ಕಾಯಬೇಕಾಗಬಹುದು. 2027ರ ವಿಮೆಗೆ ಹೆಲ್ತ್‌ಕೇರ್ ಡಾಟ್ ಗವ್‌ನ ಕಿಟಕಿ ಡಿಸೆಂಬರ್ 15ಕ್ಕೇ ಮುಚ್ಚುತ್ತದೆ. ಪೂರ್ತಿ ಬೆಲೆ ಕೊಟ್ಟೇ ಕೊಳ್ಳುವುದಾದರೂ ಮಾರ್ಕೆಟ್‌ಪ್ಲೇಸ್ ಮೂಲಕವೇ ಕೊಳ್ಳಿ. ವರ್ಷದ ಕೊನೆಗೆ ಆದಾಯ ಗಡಿಯೊಳಗೆ ಬಂದರೆ ಸಬ್ಸಿಡಿಯನ್ನು ತೆರಿಗೆಯಲ್ಲಿ ಕೇಳಬಹುದು. ಕಂಪನಿಯಿಂದ ನೇರ ಕೊಂಡಿದ್ದರೆ ಆಗದು.

ಅರ್ಜಿ ನಿಲ್ಲುವುದು ಬಹಳ ಸಲ ಹೆಸರಿನಲ್ಲಿ. ನಮ್ಮ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಆ ಜಾಗಕ್ಕೆ ಹೋಗಿ, ಮೊದಲ ಹೆಸರು ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂದರ್ಥ) ಆಗುತ್ತದೆ. ಗ್ರೀನ್ ಕಾರ್ಡ್‌ನಲ್ಲಿ ಒಂದು, ಸೋಷಿಯಲ್ ಸೆಕ್ಯುರಿಟಿ ಕಾರ್ಡ್‌ನಲ್ಲಿ ಇನ್ನೊಂದು ಇದ್ದರೆ ಗಣಕ ಎರಡನ್ನೂ ಒಬ್ಬರೆಂದು ಒಪ್ಪುವುದಿಲ್ಲ. ದಾಖಲೆ ಕೇಳಿ ಪತ್ರ ಬರುತ್ತದೆ, ಅವಧಿಯೊಳಗೆ ಕಾರ್ಡಿನ ಎರಡೂ ಬದಿಯ ಪ್ರತಿ ಕಳಿಸದಿದ್ದರೆ ಪ್ಲಾನ್ ರದ್ದಾಗುತ್ತದೆ. ಅರ್ಜಿಯಲ್ಲಿ ಇನಿಶಿಯಲ್ ಬಿಡಿಸಿ ಬರೆಯುವ ಉತ್ಸಾಹ ಬೇಡ, ಕಾರ್ಡಿನಲ್ಲಿ ಇದ್ದಂತೆಯೇ ಬರೆಯಿರಿ.

ಗ್ರೀನ್ ಕಾರ್ಡ್‌ದಾರರಿಗೆ ಸಬ್ಸಿಡಿಯ ಅರ್ಹತೆ 2027ರಲ್ಲೂ ಉಳಿಯುತ್ತದೆ. ಎಚ್-1ಬಿ, ಎಚ್-4, ಎಲ್-1 ವೀಸಾಗಳಲ್ಲಿ ಇರುವವರಿಗೂ, ಗ್ರೀನ್ ಕಾರ್ಡ್ ಅರ್ಜಿ ಹಾಕಿ ಇಲ್ಲೇ ಕಾಯುತ್ತಿರುವ ತಂದೆತಾಯಿಗೂ ಆ ವರ್ಷದಿಂದ ಅದು ನಿಲ್ಲುತ್ತದೆ, ಆದಾಯ ಎಷ್ಟೇ ಇರಲಿ.

65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್‌ಗೆ ಅಪ್ಪ ಅಮ್ಮ ಗ್ರೀನ್ ಕಾರ್ಡ್‌ನೊಂದಿಗೆ ಐದು ವರ್ಷ ಸತತವಾಗಿ ಇಲ್ಲಿ ವಾಸವಿರಬೇಕು. ನೀವು ಇಪ್ಪತ್ತು ವರ್ಷ ಕಟ್ಟಿದ ತೆರಿಗೆ ಅವರ ಲೆಕ್ಕಕ್ಕೆ ಬರುವುದಿಲ್ಲ. ಅವರೇ ಅಥವಾ ಅವರ ಸಂಗಾತಿ 40 ಕ್ರೆಡಿಟ್ (ಸುಮಾರು ಹತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿ ಮಾಡಿದ ಕೆಲಸ) ದುಡಿದಿರದಿದ್ದರೆ ಆಸ್ಪತ್ರೆ ಖರ್ಚಿನ ಭಾಗವಾದ ಪಾರ್ಟ್ ಎಗೂ ಹಣ ತೆರಬೇಕು. 2026ರ ದರದಲ್ಲಿ ಪಾರ್ಟ್ ಎ 565 ಡಾಲರ್, ವೈದ್ಯರ ಖರ್ಚಿನ ಪಾರ್ಟ್ ಬಿ 202.90, ಇಬ್ಬರಿಗೂ ತಿಂಗಳಿಗೆ 1,535.80. ಹಾಗೆ ಹಣ ತೆರಬೇಕಾದವರು ಮೆಡಿಕೇರ್ ಸೇರದೆ ಮಾರ್ಕೆಟ್‌ಪ್ಲೇಸ್ ಸಬ್ಸಿಡಿಯಲ್ಲೇ ಮುಂದುವರಿಯಬಹುದು, ಆದರೆ ತಡವಾಗಿ ಸೇರಿದರೆ ಪಾರ್ಟ್ ಬಿಗೆ ಪ್ರತಿ 12 ತಿಂಗಳಿಗೆ ಶೇ. 10 ದಂಡ ಬೀಳುತ್ತದೆ. ಎಣಿಕೆ ಶುರುವಾಗುವುದು ಕಾರ್ಡಿನಲ್ಲಿ ‘ರೆಸಿಡೆಂಟ್ ಸಿನ್ಸ್’ ಎಂದು ಅಚ್ಚಾದ ದಿನದಿಂದ. ನಿಮ್ಮ ಅಪ್ಪ ಅಮ್ಮನಿಗೆ ಅದು 2028ರಲ್ಲಿ ತುಂಬುತ್ತದೆ, ಅರ್ಜಿಯ ಏಳು ತಿಂಗಳ ಅವಧಿ ಅದಕ್ಕೆ ಮೂರು ತಿಂಗಳು ಮೊದಲೇ ತೆರೆಯುತ್ತದೆ. ಅಲ್ಲಿಯವರೆಗೆ ಅಡಿಕೆ ಕೊಯ್ಲಿಗೆಂದು ಊರಿಗೆ ಹೋದವರು ಆರೇಳು ತಿಂಗಳು ಅಲ್ಲೇ ಉಳಿದರೆ, ‘ಸತತ’ ಎಂಬ ಮಾತಿಗೆ ಉತ್ತರ ಕೊಡಬೇಕಾಗುತ್ತದೆ.